ಹೆಸರು ಹಿಡಿದು ನಗುವವರಿಗೆ

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಹೆಸರಿನ ಮಾತು ಎತ್ತಿಕೊಂಡಿದ್ದೇವೆ. ಕೆಲಸವಿಲ್ಲದವರ ಹರಟೆ ಎನ್ನಬೇಡಿ. ತಿಪ್ಪಣ್ಣ, ಹುಚ್ಚಪ್ಪ, ಕಲ್ಲವ್ವ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಗುವ ಜನ ಇದ್ದಾರೆ. ಆ ನಗೆಗೆ ಅಂಜಿ ಹೆತ್ತ ತಂದೆಯ ಹೆಸರು ಹೇಳಲು ತಲೆ ತಗ್ಗಿಸುವ ನಮ್ಮ ಹುಡುಗರೂ ಇದ್ದಾರೆ. ಹೆಸರಿನ ಒಂದಕ್ಷರ ತಪ್ಪಿ ದುಡಿದ ಹಣ ಕೈಗೆ ಬಾರದೆ ಅಲೆಯುವ ಕಾರ್ಮಿಕರೂ ಇದ್ದಾರೆ. ಇವರೆಲ್ಲರಿಗಾಗಿ ಈ ಮಾತು.

ಮೊದಲು ಮನೆತನದ ಹೆಸರನ್ನು ನೋಡಿ. ಹಳೆಯ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಮುಂದಿಟ್ಟು ತನ್ನ ಹೆಸರು ಬರೆಯುವುದು ರೂಢಿ. ಕೆಲವರ ಹೆಸರಿನಲ್ಲಿ ಊರು ಪೂರ್ತಿಯಾಗಿಯೇ ನಿಲ್ಲುತ್ತದೆ. ನಮ್ಮ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರಿನಲ್ಲಿ ನಿಂತಂತೆ. ಧಾರವಾಡ, ಗದಗ, ಬಾಗಲಕೋಟೆಯ ಕಡೆ ತನ್ನ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು. ಆ ಅಡ್ಡಹೆಸರುಗಳಲ್ಲಿ ಒಂದು ಸಂತೆಯೇ ನೆರೆದಿದೆ: ಬೆಲ್ಲದ, ತುಪ್ಪದ, ಸಕ್ಕರಿ, ಅಕ್ಕಿ, ಹತ್ತಿ, ಮೆಣಸಿನಕಾಯಿ. ಪಕ್ಕದಲ್ಲೇ ಕಸುಬುದಾರರ ಓಣಿ: ಬಡಿಗೇರ, ಕಮ್ಮಾರ, ಪತ್ತಾರ, ಕುಂಬಾರ, ಗಾಣಿಗೇರ, ಹೂಗಾರ. ಯಾವ ಕಾಲದಲ್ಲೋ ಒಬ್ಬ ಹಿರಿಯ ಬೆಲ್ಲದ ಪೆಂಟೆ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗಿದ್ದಾನು. ಜನ ಅವನನ್ನು ಅವನ ಸರಕಿನಿಂದ ಗುರುತಿಸಿದ್ದಾರು. ಆ ಬೆವರಿನ ಗುರುತು ಇಂದಿಗೂ ಮೊಮ್ಮಕ್ಕಳ ಹೆಸರಿನಲ್ಲಿ ಉಳಿದಿದೆ. ಇದರಲ್ಲಿ ನಗುವಂಥದ್ದೇನು? ಅರಸರ ಬಿರುದುಗಳನ್ನು ಶಾಸನಗಳಲ್ಲಿ ಕೆತ್ತಿಸಿದರು. ದುಡಿದವರಿಗೆ ಶಾಸನ ಬರೆಸುವವರು ಯಾರಿದ್ದರು? ಅವರ ಶಾಸನ ಅವರ ಅಡ್ಡಹೆಸರೇ.

ಇನ್ನು ಮನುಷ್ಯನಿಗಿಟ್ಟ ಹೆಸರು. ಹುಟ್ಟಿದ ಕೂಸು ವರುಷ ತುಂಬುವುದರೊಳಗೆ ಮಣ್ಣು ಸೇರುತ್ತಿದ್ದ ಕಾಲವೊಂದಿತ್ತು. ಹಳ್ಳಿಗೆ ವೈದ್ಯನಿಲ್ಲ, ಬಾಣಂತಿಗೆ ಗಂಜಿಯಿಲ್ಲ. ಎರಡು ಮೂರು ಮಕ್ಕಳನ್ನು ಕಳೆದುಕೊಂಡ ತಾಯಿ ಮತ್ತೊಂದು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯನೆಂದು ಕರೆದಳು. ಹುಚ್ಚಪ್ಪ, ಕಲ್ಲಪ್ಪ, ತಿರುಕಪ್ಪ, ಅಡಿವೆಪ್ಪ ಎಂದು ಕರೆದವರೂ ಇದ್ದರು. ಇದು ಬೇಡವಾದ ವಸ್ತು, ಒಯ್ಯಬೇಡ ಎಂದು ಸಾವಿಗೆ ಹೇಳುವ ಉಪಾಯವದು. ಹೆಸರು ಕೀಳಾಗಿದ್ದಷ್ಟೂ ಮಗು ಸುರಕ್ಷಿತ ಎಂಬ ನಂಬಿಕೆ. ಮೂಢನಂಬಿಕೆ ಎನ್ನಿರಿ, ಒಪ್ಪುತ್ತೇವೆ. ಆದರೆ ಅದರ ಹಿಂದಿದ್ದುದು ತಾಯಿಯ ಕಕ್ಕುಲಾತಿ. ಅದರ ಕೆಳಗಿದ್ದುದು ಬಡತನ. ಅದೇ ತಿಪ್ಪೆಯ ಹೆಸರು ಹೊತ್ತ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಮಹಾತ್ಮನೆಂದು ಚಿತ್ರದುರ್ಗದ ಸೀಮೆಯ ಜನ ಪೂಜಿಸುತ್ತಾರೆ, ಮಕ್ಕಳಿಗೆ ತಿಪ್ಪೇಸ್ವಾಮಿ ಎಂದು ಹೆಸರಿಡುತ್ತಾರೆ. ತಿಪ್ಪೆಯ ಗೊಬ್ಬರವಿಲ್ಲದೆ ಹೊಲ ಬೆಳೆಯದೆಂಬುದನ್ನು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಎಲ್ಲ ಕೀಳು ಹೆಸರೂ ಮಮತೆಯಿಂದ ಬಂದದ್ದಲ್ಲ. ಹೆಣ್ಣು ಹುಟ್ಟಿದ ಮೇಲೆ ಹೆಣ್ಣು ಹುಟ್ಟಿದರೆ ‘ಇನ್ನು ಸಾಕು’ ಎಂದು ಸಾಕವ್ವನೆಂದು ಕರೆದ ಮನೆಗಳುಂಟು. ನಮ್ಮ ಗಡಿಯಾಚೆಗೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ನಕೂಶಾ, ಅಂದರೆ ‘ಬೇಡವಾದವಳು’ ಎಂಬ ಹೆಸರನ್ನೇ ಹೊತ್ತು ಹುಡುಗಿಯರು ಶಾಲೆಗೆ ಹೋಗುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಅಲ್ಲಿ ಸಭೆ ಸೇರಿಸಿ 285 ಹುಡುಗಿಯರಿಗೆ ಹೊಸ ಹೆಸರು ಕೊಡಲಾಯಿತು. ಅದೇ ವರುಷದ ಜನಗಣತಿಯಲ್ಲಿ ಆರು ವರುಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ದೇಶದಲ್ಲಿ 920 ಕೂಡ ಇರಲಿಲ್ಲ. ತಿಪ್ಪಯ್ಯನ ತಾಯಿ ಸಾವಿಗೆ ಸುಳ್ಳು ಹೇಳಿದಳು. ನಕೂಶಾಳ ಮನೆಯವರು ಮಗುವಿಗೇ ನಿಜ ಹೇಳಿದರು. ಎರಡಕ್ಕೂ ಅಜಗಜಾಂತರವುಂಟು.

ಇನ್ನೊಂದು ಬಗೆಯ ಕೀಳು ಹೆಸರು ಮೇಲಿನಿಂದ ಹೇರಿದ್ದು. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಲಿ, ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಲಿ ಎಂದು ವಿಧಿಸುತ್ತದೆ. ಹುಟ್ಟಿದ ಹನ್ನೆರಡು ದಿನದೊಳಗೆ ಮನುಷ್ಯನ ಬೆಲೆ ಕಟ್ಟಿಬಿಡುವ ಕಾನೂನಿದು! ಇದನ್ನು ನಮ್ಮ ನಾಡು ಒಪ್ಪಿ ಸುಮ್ಮನಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ ಎಂಬ ಹೆಸರುಗಳನ್ನು ಗಮನಿಸಿ. ಕಸುಬನ್ನು ಮುಚ್ಚಿಡಲಿಲ್ಲ, ಅದರ ಜೊತೆಗೇ ಅಯ್ಯ, ಅಣ್ಣ ಎಂಬ ಗೌರವ ನಿಂತಿತು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ಸೇರಿದ ಪೆರಿಯಾರರ ಸ್ವಾಭಿಮಾನ ಸಮ್ಮೇಳನ ಹೆಸರಿನ ಬಾಲದ ಜಾತಿಸೂಚಕಗಳನ್ನು ಬಿಡಲು ನಿರ್ಣಯಿಸಿತು. 1974ರ ಜಯಪ್ರಕಾಶರ ಚಳವಳಿಯಲ್ಲಿ ಬಿಹಾರದ ಎಷ್ಟೋ ತರುಣರು ತಮ್ಮ ಜಾತಿಯ ಅಡ್ಡಹೆಸರನ್ನು ಕಿತ್ತೆಸೆದರು. ಒಂದು ಕಡೆ ಹೆಸರನ್ನು ಉಳಿಸಿಕೊಂಡು ಮಾನ ಗಳಿಸಿದರು, ಇನ್ನೊಂದು ಕಡೆ ಬಿಟ್ಟು ಗಳಿಸಿದರು. ಉಳಿಸುವುದೋ ಬಿಡುವುದೋ ಹೆಸರು ಹೊತ್ತವನು ತೀರ್ಮಾನಿಸಲಿ. ನಗುವವನು ತೀರ್ಮಾನಿಸುವುದು ಬೇಡ.

ಈಗ ಹಣದ ಮಾತಿಗೆ ಬರೋಣ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದದ್ದು ಒಂದು ಹೆಸರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಗುಮಾಸ್ತ ಬರೆದದ್ದು ಇನ್ನೊಂದು. ಆಧಾರ್ ಕಾರ್ಡಿನಲ್ಲಿ ಮೂರನೆಯದು, ಬ್ಯಾಂಕಿನ ಪುಸ್ತಕದಲ್ಲಿ ನಾಲ್ಕನೆಯದು. ತಿಪ್ಪಣ್ಣ ಒಂದು ಕಡೆ ತಿಪ್ಪಯ್ಯನಾಗುತ್ತಾನೆ. ಊರಿನ ಇನಿಷಿಯಲ್ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಹಾರಿಹೋಗುತ್ತದೆ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಮನೆ ಬಿಟ್ಟು ಅಚ್ಚು ಹಾಕಿದ ಅರ್ಜಿಗೆ ನಮ್ಮ ರೂಢಿ ತಿಳಿಯದು. 1952ರ ಕಾನೂನಿನಂತೆ ಭವಿಷ್ಯನಿಧಿಗೆ ಸಂಬಳದಿಂದ ತಿಂಗಳು ತಿಂಗಳೂ ಹಣ ಹಿಡಿದಾಗ ಯಾರೂ ಹೆಸರು ಕೇಳಲಿಲ್ಲ. ಹಿಂದಿರುಗಿಸುವಾಗ ಮಾತ್ರ ‘ನೀನು ಯಾರು?’ ಎನ್ನುತ್ತಾರೆ. ತಿದ್ದುಪಡಿಗೆ ಕಾರ್ಮಿಕನೂ ಮಾಲೀಕನೂ ಸೇರಿ ಜಂಟಿ ಘೋಷಣೆ ಕೊಡುವ ದಾರಿಯುಂಟು. ಆದರೆ ಗಿರಣಿ ಮುಚ್ಚಿದ ಮೇಲೆ ಸಹಿ ಹಾಕುವ ಮಾಲೀಕನನ್ನು ಎಲ್ಲಿ ಹುಡುಕುವುದು?

ಆದುದರಿಂದ ಗಿರಣಿ ನಡೆಯುತ್ತಿರುವಾಗಲೇ ಪ್ರತಿಯೊಬ್ಬನೂ ತನ್ನ ಕಾಗದಗಳನ್ನು ತೆಗೆದು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ. ಓದು ಬಾರದ ಸಂಗಾತಿಗೆ ಓದು ಬಂದವನು ಓದಿ ಹೇಳಲಿ. ತಪ್ಪು ಕಂಡರೆ ಒಬ್ಬೊಬ್ಬರೇ ಕಚೇರಿಗೆ ಹೋಗಿ ಗದರಿಸಿಕೊಂಡು ಬರಬೇಡಿ. ಸಂಘದ ಮೂಲಕ ಒಟ್ಟಾಗಿ ಅರ್ಜಿ ಕೊಡಿರಿ. ವ್ಯಾಪಾರಸ್ಥ ಬಂಧುಗಳು ಅಂಗಡಿಯ ಪರವಾನಗಿಯನ್ನೂ ಬ್ಯಾಂಕಿನ ಖಾತೆಯನ್ನೂ ಹೀಗೆಯೇ ನೋಡಿಕೊಳ್ಳಲಿ.

ಕೊನೆಯದಾಗಿ ಒಂದು ಮಾತು. ಹಮಾಲನನ್ನು ‘ಏ ತಿಪ್ಯಾ’ ಎಂದೂ ಧಣಿಯನ್ನು ‘ತಿಪ್ಪಣ್ಣನವರೇ’ ಎಂದೂ ಕರೆಯುವ ನಾಲಗೆ ಒಂದೇ. ಆ ನಾಲಗೆ ತಿದ್ದಿಕೊಳ್ಳಲು ಯಾವ ಸರ್ಕಾರದ ಆಜ್ಞೆಯೂ ಬೇಕಾಗಿಲ್ಲ. ನಾಳೆಯಿಂದ ನಮ್ಮ ಅಂಗಡಿಯಲ್ಲಿ, ನಮ್ಮ ಖಾತೆಯಲ್ಲಿ, ನಮ್ಮ ಸಂಘದಲ್ಲಿ ಪ್ರತಿಯೊಬ್ಬರ ಹೆಸರನ್ನೂ ಪೂರ್ತಿಯಾಗಿ ಕರೆಯೋಣ, ಪೂರ್ತಿಯಾಗಿ ಬರೆಯೋಣ.