ಲಿಫ್ಟ್ ಮಾಡಿದ ಗಾಡಿ ಒಂದೇ ಕಡೆ ಎಳೆಯುವುದೇಕೆ?



ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರಿನ ಕಡೆ ಜಿಪ್ಸಿ, ಥಾರ್, ಜಿಮ್ನಿಗಳಿಗೆ ಎರಡು ಇಂಚು ಲಿಫ್ಟ್ ಹಾಕಿಸುವುದು ಈಗ ಮಾಮೂಲು. ಹಾಕಿಸಿದ ವಾರಕ್ಕೆ ಮಾಲೀಕ ವಾಪಸ್ ಬರುತ್ತಾನೆ: “ಅಣ್ಣಾ, ಲಿಫ್ಟ್ ಮಾಡಿದ್ಮೇಲೆ ಎಡಕ್ಕೆ ಎಳೀತಿದೆ.” ಗಾಡಿ ಅಲ್ಲಿಂದ ನೇರ ಅಲೈನ್‌ಮೆಂಟ್ ಅಂಗಡಿಗೆ. ಅಲ್ಲಿ ಟೋ ತಿರುಗಿಸಿ, ಅಂಕಿಯೆಲ್ಲ ಹಸಿರಾಗಿರುವ ಒಂದು ಹಾಳೆ ಕೊಡುತ್ತಾರೆ. ಗಾಡಿಗೆ ಆ ಹಾಳೆ ಓದಲು ಬರುವುದಿಲ್ಲ. ಅದು ಎಳೆಯುತ್ತಲೇ ಇರುತ್ತದೆ.

ಬೋಧಕರೂ ಮೆಕ್ಯಾನಿಕರೂ ಸೇರಿರುವ ಈ ಸಂಕಿರಣದ ಎಲ್ಲ ಗೋಷ್ಠಿಗಳಿಗೂ ತಳಹದಿಯಾಗಲಿ ಎಂದು ಒಂದು ಮಾತನ್ನು ಮೊದಲೇ ಇಡುತ್ತೇನೆ. ಸರಿಯಾಗಿ ಕೂರಿಸಿದ ಲಿಫ್ಟ್ ಎಡಕ್ಕೂ ಬಲಕ್ಕೂ ಒಂದೇ ಸಮ ಆಗುವ ಬದಲಾವಣೆ. ಅದರಿಂದ ಗಾಡಿ ಅಲೆದಾಡಬಹುದು, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬಾರದಿರಬಹುದು. ಒಂದೇ ಕಡೆ ಎಳೆಯಬೇಕಾದರೆ ಎಡ–ಬಲಗಳ ನಡುವೆ ಎಲ್ಲೋ ವ್ಯತ್ಯಾಸ ಇರಲೇಬೇಕು. ನಾವು ಹುಡುಕಬೇಕಾದದ್ದು ಆ ವ್ಯತ್ಯಾಸವನ್ನು.

ಪ್ಯಾನ್‌ಹಾರ್ಡ್ ರಾಡನ್ನೇ ತೆಗೆದುಕೊಳ್ಳಿ. ಜಿಮ್ನಿಯಂಥ ಸಾಲಿಡ್ ಆಕ್ಸಲ್ ಗಾಡಿಯಲ್ಲಿ ಎಲ್ಲರ ಬೆರಳೂ ಮೊದಲು ಅದರತ್ತಲೇ ಹೋಗುತ್ತದೆ. ಲೆಕ್ಕ ಹಾಕೋಣ. 900 ಮಿ.ಮೀ. ಉದ್ದದ ರಾಡು, ಅದರ ಎರಡು ತುದಿಗಳ ನಡುವೆ ಮೊದಲೇ 100 ಮಿ.ಮೀ. ಎತ್ತರದ ವ್ಯತ್ಯಾಸ ಇದೆ ಎಂದುಕೊಳ್ಳಿ. ಗಾಡಿಯನ್ನು ಇನ್ನೂ 50 ಮಿ.ಮೀ. ಎತ್ತಿದರೆ ಆಕ್ಸಲ್ಲು ರಾಡಿನ ಚಾಸಿ ಕಡೆಯ ತುದಿಯತ್ತ ಸರಿಯುವುದು ಸುಮಾರು 7 ಮಿ.ಮೀ. ಹಿಂದಿನಿಂದ ನೋಡಿದರೆ ಒಂದು ಟೈರು ತುಸು ಆಚೆ ಬಂದಂತೆ ಕಾಣುತ್ತದೆ, ಡ್ರ್ಯಾಗ್ ಲಿಂಕ್ ಸರಿಪಡಿಸದಿದ್ದರೆ ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ. ಇವೆರಡೂ ದೋಷಗಳೇ, ಸರಿಪಡಿಸಬೇಕಾದವೇ. ಆದರೆ ಚಕ್ರಗಳು ನೋಡುತ್ತಿರುವ ದಿಕ್ಕು ಬದಲಾಗಿಲ್ಲ. ಆದ್ದರಿಂದ ಇದು ಎಳೆತವಲ್ಲ. ಸ್ಟೀರಿಂಗ್ ಓರೆ ನಿಂತಿರುವುದನ್ನೂ ಗಾಡಿ ಎಳೆಯುವುದನ್ನೂ ಒಂದೇ ಎಂದು ಬರೆದುಕೊಂಡ ಜಾಬ್ ಕಾರ್ಡು ಅರ್ಧ ಕೆಲಸವನ್ನು ಆಗಲೇ ಕೆಡಿಸಿರುತ್ತದೆ.

ಮುಂದಿನ ಟೋ ವಿಷಯವೂ ಹೀಗೆಯೇ. ಅದು ತಪ್ಪಿದ್ದರೆ ಟೈರು ಸವೆಯುತ್ತದೆ, ಗಾಡಿ ಚಂಚಲವಾಗುತ್ತದೆ. ಓಡುವಾಗ ಎರಡೂ ಚಕ್ರಗಳು ಆ ತಪ್ಪನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ. ಎಳೆತದ ದೂರಿಗೆ ಟೋ ತಿರುಗಿಸಿ ಬಿಲ್ ಮಾಡುವುದು ನಮ್ಮ ವೃತ್ತಿಗೆ ಗೌರವ ತರುವ ಕೆಲಸವಲ್ಲ.

ಹಾಗಾದರೆ ಮೊದಲು ನೋಡಬೇಕಾದದ್ದೇನು? ರಸ್ತೆ. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳನ್ನು ನಡುವಿನಿಂದ ಅಂಚಿಗೆ ಶೇಕಡ 2ರ ಆಸುಪಾಸು ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆ ಓಡಿಸುವವರು. ಗಾಡಿ ಹೋಗುವಾಗಲೂ ಎಡಕ್ಕೆ ಸರಿಯುತ್ತದೆ, ಬರುವಾಗಲೂ ಎಡಕ್ಕೇ ಸರಿಯುತ್ತದೆ. ಅಗಲವಾದ ಟೈರು ಹಾಕಿದ ಗಾಡಿಯಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಮಟ್ಟಸವಾದ ದೊಡ್ಡ ಅಂಗಳವೊಂದರಲ್ಲಿ ಎರಡೂ ದಿಕ್ಕಿಗೆ ಓಡಿಸಿ ನೋಡದೆ ತೀರ್ಪು ಕೊಡಬೇಡಿ. ಇನ್ನೊಂದು ಅಪಾಯ ಅಮೆರಿಕದ ವಿಡಿಯೋಗಳದು. ಅಲ್ಲಿ ಬಲಗಡೆ ಓಡಿಸುತ್ತಾರೆ, ರಸ್ತೆ ಗಾಡಿಯನ್ನು ಬಲಕ್ಕೆ ಜಾರಿಸುತ್ತದೆ, ಅದಕ್ಕೆ ಪ್ರತಿಯಾಗಿ ಅಲ್ಲಿನವರು ಅಲೈನ್‌ಮೆಂಟಿನಲ್ಲಿ ತುಸು ಎಡದ ಒಲವು ಇಡುತ್ತಾರೆ. ಅದೇ ಅಂಕಿಯನ್ನು ಇಲ್ಲಿ ಹಾಕಿದರೆ ಎಡದ ಎಳೆತಕ್ಕೆ ನಾವೇ ಕೈಜೋಡಿಸಿದಂತಾಗುತ್ತದೆ.

ಆಮೇಲೆ ಟೈರು. ಕೆಸರಿನ ಹಾದಿಗೆಂದು 18 ಪಿಎಸ್‌ಐಗೆ ಗಾಳಿ ಇಳಿಸಿದವರು ಹಿಂದಿರುಗುವಾಗ ಬಂಕಿನಲ್ಲಿ ಅಂದಾಜಿಗೆ ತುಂಬಿಸಿಕೊಂಡು ಬರುತ್ತಾರೆ. ಗಾಳಿ ಕಡಿಮೆಯಿರುವ ಬದಿಗೆ ಗಾಡಿ ಎಳೆಯುವುದು ಸಹಜ. ಗಾಳಿ ಸಮ ಇದ್ದೂ ಎಳೆದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ. ಎಳೆತವೂ ಬದಿ ಬದಲಿಸಿದರೆ ದೋಷ ಟೈರಿನದು: ರೇಡಿಯಲ್ ಟೈರಿನೊಳಗಿನ ಬೆಲ್ಟು ನಡುವಿನಿಂದ ತುಸು ಸರಿದು ಕೂತರೆ ಅದು ಶಂಕುವಿನಂತೆ ಉರುಳುತ್ತದೆ. ಲಿಫ್ಟಿನ ಜೊತೆಗೇ ಹೊಸ ಮಡ್ ಟೈರು ಹಾಕಿಸುವುದರಿಂದ ಬೈಗುಳ ಲಿಫ್ಟಿಗೆ ಬೀಳುತ್ತದೆ. ಈ ಅದಲುಬದಲಿಗೆ ಬೇಕಾದದ್ದು ಜ್ಯಾಕು, ಸ್ಪ್ಯಾನರು, ಒಂದಿಷ್ಟು ಸಮಯ. ಯಾವ ಯಂತ್ರವೂ ಇಷ್ಟು ಖಚಿತವಾದ ಉತ್ತರ ಕೊಡುವುದಿಲ್ಲ.

ಬ್ರೇಕಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಇದು ಜೀವದ ಪ್ರಶ್ನೆ. ಲಿಫ್ಟ್ ಮಾಡಿ ಹಳೆಯ ರಬ್ಬರ್ ಹೋಸನ್ನೇ ಬಿಟ್ಟರೆ, ಚಕ್ರ ಪೂರ್ತಿ ಕೆಳಗಿಳಿದಾಗಲೆಲ್ಲ ಅದು ಜಗ್ಗುತ್ತದೆ. ಒಳಪದರ ಕಿತ್ತುಬಂದರೆ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಸರಿಯಾಗಿ ಹಿಂದಿರುಗುವುದಿಲ್ಲ. ಪ್ಯಾಡು ಹಿಡಿದೇ ಇರುತ್ತದೆ, ಗಾಡಿ ಆ ಬದಿಗೆ ಎಳೆಯುತ್ತದೆ. ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ಬಂದು ಎರಡೂ ಹಬ್ಬುಗಳ ಹತ್ತಿರ ಅಂಗೈ ಹಿಡಿದರೆ ಯಾವುದು ಹೆಚ್ಚು ಬಿಸಿಯೆಂದು ತಿಳಿಯುತ್ತದೆ, ಮುಟ್ಟಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ಬಲಕ್ಕೆ ಎಳೆಯುತ್ತದೆಯೆ? ಆಗ ಎಡದ ಕ್ಯಾಲಿಪರ್ ಕೆಲಸ ಮಾಡುತ್ತಿಲ್ಲ ಎಂದು ಅನುಮಾನಿಸಿ.

ಇಷ್ಟಾದ ಮೇಲೆ ಟೇಪು ಹಿಡಿಯಿರಿ. ಜಿಪ್ಸಿಗೆ ನಾಲ್ಕು ಮೂಲೆಯಲ್ಲೂ ಲೀಫ್ ಸ್ಪ್ರಿಂಗ್. ಹಿಂದಿನ ಪ್ಲೇಟುಗಳನ್ನು ಬದಲಿಸುವಾಗ ಸೆಂಟರ್ ಬೋಲ್ಟಿನ ತಲೆ ತನ್ನ ತೂತಿನಲ್ಲಿ ಕೂರುವ ಮೊದಲೇ ಯು ಬೋಲ್ಟ್ ಬಿಗಿದುಬಿಟ್ಟರೆ ಆಕ್ಸಲ್ಲಿನ ಎಡತುದಿ 5 ಮಿ.ಮೀ. ಹಿಂದೆ ಉಳಿಯಬಹುದು. ಹಿಂಬದಿ ಎಡಕ್ಕೆ ದೂಡುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ. ಮುಂದಿನ ಎರಡು ಚಕ್ರ ಮಾತ್ರ ನೋಡುವ ಅಲೈನ್‌ಮೆಂಟಿಗೆ ಇದು ಕಾಣುವುದೇ ಇಲ್ಲ. ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮುಂದಿನ ಆಕ್ಸಲ್ಲಿನಿಂದ ಹಿಂದಿನದಕ್ಕೆ ಎರಡೂ ಬದಿ ಅಳೆದರೆ ಗುಟ್ಟು ಹೊರಬೀಳುತ್ತದೆ.

2010ರ ಥಾರ್ ಸಿಆರ್‌ಡಿಇ ಕಥೆ ಬೇರೆ. ಅದರ ಮುಂಭಾಗ ಟಾರ್ಷನ್ ಬಾರಿನ ಮೇಲೆ ನಿಂತಿದೆ. ಬೋಲ್ಟ್ ತಿರುಗಿಸಿದರೆ ಸಾಕು, ಗಾಡಿ ಏರುತ್ತದೆ. ಕೈಗೆ ಇಷ್ಟು ಸುಲಭವಾಗಿ ಸಿಗುವುದೇ ಅದರ ಕೇಡು. ಎರಡೂ ಕಡೆ ಸುತ್ತು ಎಣಿಸಿ ತಿರುಗಿಸಿದರೆ ಎತ್ತರ ಸಮನಾಗುತ್ತದೆ ಎಂಬ ನಂಬಿಕೆ ತಪ್ಪು. ಎತ್ತರ ಬೇರೆಯಾದರೆ ಕ್ಯಾಂಬರ್ ಬೇರೆಯಾಗುತ್ತದೆ. ಹೆಚ್ಚು ಪಾಸಿಟಿವ್ ಕ್ಯಾಂಬರ್ ಇರುವ ಬದಿಗೆ ಗಾಡಿ ಎಳೆಯುತ್ತದೆ. ಕ್ಯಾಸ್ಟರ್ ಆದರೆ ಕಡಿಮೆ ಇರುವ ಬದಿಗೆ. ಎಡ–ಬಲದ ನಡುವೆ ಅರ್ಧ ಡಿಗ್ರಿ ದಾಟಿದರೆ ಕೈಗೆ ಗೊತ್ತಾಗುತ್ತದೆ. ಫೆಂಡರ್ ಅಂಚಿನಿಂದ ಅಳೆಯಬೇಡಿ, ಬಾಡಿಯೇ ಓರೆಯಿರಬಹುದು; ಚಾಸಿಯಿಂದ ಅಳೆಯಿರಿ.

ಪವರ್ ಸ್ಟೀರಿಂಗನ್ನೂ ಮರೆಯಬಾರದು. ಮುಂದಿನ ಚಕ್ರಗಳನ್ನು ನೆಲದಿಂದೆತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಕೈಬಿಡಿ. ಸ್ಟೀರಿಂಗ್ ತಾನಾಗಿಯೇ ತಿರುಗತೊಡಗಿದರೆ ಸಸ್ಪೆನ್ಷನ್ ಬಿಚ್ಚುವ ಅಗತ್ಯವೇ ಇಲ್ಲ.

ಕಾನೂನಿನ ಮಾತು ಒಂದೇ ಒಂದು: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಕೆಲಸ ಹಿಡಿಯುವ ಮುನ್ನ ಮಾಲೀಕರಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಸಂಜೆಯ ಹೊತ್ತಿಗೆ ಕನ್ನಡದಲ್ಲಿ ಒಂದು ಪುಟದ ತಪಾಸಣಾ ಹಾಳೆಯನ್ನು ನಾವು ಸಿದ್ಧಪಡಿಸಬೇಕು. ಎಳೆತ ಯಾವ ಬದಿಗೆ, ಯಾವಾಗ (ಸುಮ್ಮನೆ ಉರುಳುವಾಗಲೋ, ಬ್ರೇಕಿಗೋ, ಆಕ್ಸಿಲರೇಟರಿಗೋ), ಟೈರು ಅದಲುಬದಲು ಮಾಡಿದಾಗ ಏನಾಯಿತು, ಎಡ–ಬಲದ ಎತ್ತರ ಎಷ್ಟು ಎಂಬುದು ಅದರಲ್ಲಿರಲಿ. ಬೋಧಕರು ಅದನ್ನು ತರಗತಿಗೆ ಒಯ್ಯಲಿ, ಮೆಕ್ಯಾನಿಕರು ಗ್ಯಾರೇಜಿನ ಗೋಡೆಗೆ ಅಂಟಿಸಲಿ. ಲಿಫ್ಟಿಗೆ ಮುಂಚಿನ ಅಳತೆ ಬರೆದಿಟ್ಟುಕೊಳ್ಳದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ ಎಂದು ಎಲ್ಲರಲ್ಲೂ ವಿನಂತಿಸುತ್ತೇನೆ.