ಪಿತ್ತನಾಳವೂ ಒಬ್ಬ ಪ್ರಧಾನಿಯೂ

ಕೋಪದಿಂದ ಕೂಗಾಡುವವನನ್ನು ಕಂಡು ‘ಪಿತ್ತ ನೆತ್ತಿಗೇರಿದೆ’ ಎನ್ನುವುದು ನಮ್ಮ ಆಡುಮಾತಿನ ರೂಢಿ. ಗ್ರೀಕರು ವಿಷಾದಕ್ಕೆ ಇಟ್ಟ ‘ಮೆಲಂಕೋಲಿಯ’ ಎಂಬ ಹೆಸರಿಗೂ ಕಪ್ಪು ಪಿತ್ತವೆಂದೇ ಅರ್ಥ. ಆಯುರ್ವೇದದ ತ್ರಿದೋಷಗಳಲ್ಲಿ ಒಂದಾದ ಪಿತ್ತವೂ ಇಂದಿನ ಶಸ್ತ್ರವೈದ್ಯನ ಕೈಗೆ ಅಂಟುವ ಹಸಿರು ಹಳದಿಯ ಪಿತ್ತರಸವೂ ಒಂದೇ ಅಲ್ಲ, ನಿಜ. ಆದರೂ ಮನಸ್ಸಿನ ಏರಿಳಿತಗಳನ್ನು ಎರಡು ಪ್ರಾಚೀನ ಜನಾಂಗಗಳು ಇದೇ ಹೆಸರಿಗೆ ಕಟ್ಟಿಹಾಕಿದ್ದು ಕುತೂಹಲದ ಸಂಗತಿ. ಈ ಹಳೆಯ ನಂಬಿಕೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಹೊಸ ಪ್ರಶ್ನೆಯಾಗಿ ನಮ್ಮ ಮುಂದಿಟ್ಟವರು ಬ್ರಿಟನ್ನಿನ ಪ್ರಧಾನಿಯಾಗಿದ್ದ ಆಂಥನಿ ಈಡನ್.

ಪಿತ್ತರಸ ಹುಟ್ಟುವುದು ಯಕೃತ್ತಿನಲ್ಲಿ. ಅದನ್ನು ಕೂಡಿಡುವುದು ಪಿತ್ತಕೋಶ. ಕರುಳಿಗೆ ಮುಟ್ಟಿಸುವುದು ಬರೆಯುವ ಪೆನ್ಸಿಲಿಗಿಂತ ದಪ್ಪವಲ್ಲದ ಒಂದು ನಾಳ. ಮೇದೋಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಇದರೊಡನೆ ಕೂಡಿ ಒಂದೇ ಬಾಗಿಲಿನಿಂದ ಕರುಳನ್ನು ಸೇರುತ್ತದೆ. ಪಿತ್ತಕೋಶದಿಂದ ಜಾರಿದ ಹರಳೊಂದು ಆ ಬಾಗಿಲಲ್ಲಿ ಸಿಕ್ಕಿಕೊಂಡರೆ ಮೇದೋಜೀರಕವೂ ಉರಿಯೂತಕ್ಕೆ ಈಡಾಗುವುದೆಂದು ಅಮೆರಿಕದ ಯೂಜೀನ್ ಓಪಿ 1901ರಲ್ಲಿ ತೋರಿಸಿಕೊಟ್ಟರು. ಇಂಥ ಬೇನೆಗಳನ್ನು ವೈದ್ಯಶಾಸ್ತ್ರವು ‘ನಿರಪಾಯಕರ’ ಎಂಬ ವರ್ಗದಲ್ಲಿ ಇರಿಸುತ್ತದೆ. ಆ ಮಾತಿಗೆ ಕ್ಯಾನ್ಸರ್ ಅಲ್ಲವೆಂದಷ್ಟೇ ಅರ್ಥ, ಅಪಾಯವಿಲ್ಲವೆಂದು ಅರ್ಥವಲ್ಲ.

ಹರಳನ್ನು ಮಾತ್ರ ತೆಗೆದರೆ ಸಾಲದು, ಹರಳು ಹುಟ್ಟುವ ಚೀಲವನ್ನೇ ತೆಗೆಯಬೇಕೆಂದು ಯೋಚಿಸಿದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್. ಪಿತ್ತಕೋಶವಿಲ್ಲದೆಯೂ ಬದುಕು ಸಾಧ್ಯ. ಕುದುರೆಗೂ ಆನೆಗೂ ಅದು ಇಲ್ಲವೇ ಇಲ್ಲ. ಅವರು ಮೊದಲು ಶವಗಳ ಮೇಲೆ ಅಭ್ಯಾಸ ನಡೆಸಿ, 1882ರ ಜುಲೈ 15ರಂದು ವರ್ಷಗಟ್ಟಲೆ ನರಳಿದ್ದ ರೋಗಿಯೊಬ್ಬನ ಪಿತ್ತಕೋಶವನ್ನು ಯಶಸ್ವಿಯಾಗಿ ತೆಗೆದರು. ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದು ದಿನನಿತ್ಯದ ಶಸ್ತ್ರಕ್ರಿಯೆಯಾಗಿ ಹೋಗಿತ್ತು. ಚೀಲವನ್ನು ಕಳೆದುಕೊಂಡು ಬದುಕಬಹುದು. ನಾಳವನ್ನು ಕಳೆದುಕೊಂಡು ಬದುಕಲಾಗದು. ಒಂದಕ್ಕೊಂದು ಅಂಟಿಕೊಂಡಿರುವ ಇವೆರಡರ ನಡುವೆ ಕತ್ತರಿ ಆಡಬೇಕಾದುದೇ ಈ ಚಿಕಿತ್ಸೆಯ ಸೂಕ್ಷ್ಮ.

1953ರ ಏಪ್ರಿಲ್ 12ರಂದು ಲಂಡನ್ನಿನಲ್ಲಿ ಈಡನ್ನರ ಪಿತ್ತಕೋಶವನ್ನು ತೆಗೆದಾಗ ನಾಳಕ್ಕೆ ಗಾಯವಾಯಿತು. ಆಗ ಅವರು ವಿದೇಶಾಂಗ ಸಚಿವರು, ವಯಸ್ಸು ಐವತ್ತೈದು, ಚರ್ಚಿಲ್ಲರ ಉತ್ತರಾಧಿಕಾರಿಯೆಂದು ಎಲ್ಲರೂ ಬಲ್ಲವರು. ಅದೇ ತಿಂಗಳು ಮತ್ತೊಮ್ಮೆ ಉದರವನ್ನು ತೆರೆಯಬೇಕಾಯಿತು. ಕೊನೆಗೆ, ಇಂಥ ದುರಸ್ತಿಯಲ್ಲಿ ಪ್ರಸಿದ್ಧರಾಗಿದ್ದ ರಿಚರ್ಡ್ ಕ್ಯಾಟೆಲ್ ಜೂನ್ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಉಳಿದ ನಾಳವನ್ನು ಸಣ್ಣಕರುಳಿಗೆ ಹೊಲಿದು ಜೋಡಿಸಿದರು. ಈಡನ್ ಅಲ್ಲಿದ್ದಾಗಲೇ, ಜೂನ್ 23ರಂದು, ಚರ್ಚಿಲ್ ಪಾರ್ಶ್ವವಾಯುವಿಗೆ ತುತ್ತಾದರು. ಒಂದು ದೇಶದ ಮೊದಲನೆಯ ಮತ್ತು ಎರಡನೆಯ ನಾಯಕರು ಏಕಕಾಲಕ್ಕೆ ಹಾಸಿಗೆ ಹಿಡಿದಿದ್ದರು.

ಹೊಲಿಗೆ ಎಷ್ಟೇ ಜಾಣ್ಮೆಯದಾದರೂ ಹುಟ್ಟಿನ ನಾಳಕ್ಕೆ ಅದು ಸಮನಲ್ಲ. ಗಾಯ ಮಾಯುತ್ತಾ ಕುಗ್ಗುತ್ತದೆ, ದಾರಿ ಕಿರಿದಾಗುತ್ತದೆ, ನಿಂತ ನೀರು ಕೊಳೆಯುವಂತೆ ತಡೆದು ನಿಂತ ಪಿತ್ತರಸದಲ್ಲಿ ಸೋಂಕು ಬೆಳೆದು ಚಳಿಜ್ವರ ಮರುಕಳಿಸುತ್ತದೆ. 1955ರಲ್ಲಿ ಈಡನ್ ಪ್ರಧಾನಿಯಾದರು. 1956ರ ಜುಲೈ 26ರಂದು ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಅಕ್ಟೋಬರ್ 5ರಂದು, ಆಸ್ಪತ್ರೆಯಲ್ಲಿದ್ದ ಪತ್ನಿಯನ್ನು ನೋಡಹೋದ ಈಡನ್ನರಿಗೆ ಅಲ್ಲಿಯೇ ಚಳಿ ಹತ್ತಿ, ಜ್ವರ 106 ಡಿಗ್ರಿ ಫ್ಯಾರನ್‌ಹೀಟಿಗೆ ಏರಿತು. ಅದೇ ತಿಂಗಳು ಫ್ರಾನ್ಸ್ ಮತ್ತು ಇಸ್ರೇಲುಗಳೊಡನೆ ಗುಟ್ಟಿನ ಒಪ್ಪಂದವಾಯಿತು, ಯುದ್ಧವೂ ನಡೆಯಿತು, ನವೆಂಬರ್ 6ರಂದು ಬ್ರಿಟನ್ ಕದನವಿರಾಮಕ್ಕೆ ಒಪ್ಪಬೇಕಾಯಿತು. 1957ರ ಜನವರಿ 9ರಂದು ಅವರು ರಾಜೀನಾಮೆ ಕೊಟ್ಟರು.

ಹಾಗಾದರೆ ಸೂಯೆಜ್ ಯುದ್ಧಕ್ಕೆ ಪಿತ್ತನಾಳವೇ ಕಾರಣವೆ? ಸ್ವತಃ ವೈದ್ಯರೂ ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವರೂ ಆದ ಡೇವಿಡ್ ಓವೆನ್, ಈಡನ್ನರ ಕಾಯಿಲೆಯನ್ನೂ ಅವರು ಸೇವಿಸುತ್ತಿದ್ದ ಉತ್ತೇಜಕ ಔಷಧಿಗಳನ್ನೂ ಪರಿಶೀಲಿಸಿ, ಅವು ಅವರ ವಿವೇಚನೆಯ ಮೇಲೆ ಪರಿಣಾಮ ಬೀರಿದುವೆಂದು ವಾದಿಸಿದ್ದಾರೆ. ಆ ವಾದವನ್ನು ತಳ್ಳಿಹಾಕಲಾಗದು. ಆದರೆ ಈಡನ್ನರ ಜ್ವರದಲ್ಲಿ ಪಾಲಿಲ್ಲದ ಫ್ರಾನ್ಸಿನ ಮತ್ತು ಇಸ್ರೇಲಿನ ನಾಯಕರೂ ಅದೇ ತೀರ್ಮಾನಕ್ಕೆ ಸಹಿ ಹಾಕಿದರಲ್ಲ! ಇಸ್ರೇಲಿನ ದಾಳಿ ತಮಗೆ ಮೊದಲೇ ತಿಳಿದಿರಲಿಲ್ಲವೆಂದು ಡಿಸೆಂಬರ್ 20ರಂದು ಸಂಸತ್ತಿನಲ್ಲಿ ಆಡಿದ ಸುಳ್ಳನ್ನು ಪಿತ್ತರಸದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ದೇಹದ ಬೇನೆ ಮನುಷ್ಯನ ತಾಳ್ಮೆಯನ್ನು ಸವೆಸಬಹುದು. ಅವನ ಹೊಣೆಯನ್ನು ಹೊತ್ತುಕೊಳ್ಳಲಾರದು. ಅವನ ಬಗೆಗೆ ಕನಿಕರಪಡುವುದು ಒಂದು, ಅವನನ್ನು ದೋಷಮುಕ್ತನೆನ್ನುವುದು ಇನ್ನೊಂದು.

ಈಡನ್ನರ ಉದರ ಮತ್ತೆ 1957ರಲ್ಲಿಯೂ 1970ರಲ್ಲಿಯೂ ಬಾಸ್ಟನ್ನಿನಲ್ಲಿ ತೆರೆಯಿತು. ‘ನಿರಪಾಯಕರ’ ರೋಗವೊಂದಕ್ಕೆ ಒಟ್ಟು ಐದು ಶಸ್ತ್ರಕ್ರಿಯೆಗಳು! ಆದರೂ ಮೊದಲ ಗಾಯದ ಅನಂತರ ಅವರು ಸುಮಾರು ಇಪ್ಪತ್ತನಾಲ್ಕು ವರ್ಷ ಬದುಕಿ 1977ರಲ್ಲಿ ತೀರಿಕೊಂಡರೆಂಬುದು ದುರಸ್ತಿ ಮಾಡಿದ ಕೈಗಳ ಹಿರಿಮೆಗೆ ಸಾಕ್ಷಿ.

ಮುಂದೆ ಉಪಕರಣಗಳು ಬದಲಾದುವು. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು, ಬಾಯಿಯಿಂದ ಇಳಿಸಿದ ದರ್ಶಕ ನಳಿಕೆಯ ಮೂಲಕವೇ ನಾಳದ ಬಾಗಿಲನ್ನು ಸೀಳಿ ಹರಳಿಗೆ ದಾರಿ ಮಾಡಿಕೊಟ್ಟರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ದೊಡ್ಡ ಕೊಯ್ತವಿಲ್ಲದೆ, ಸಣ್ಣ ರಂಧ್ರಗಳಿಂದ ಪಿತ್ತಕೋಶವನ್ನು ತೆಗೆದು ಸಹೋದ್ಯೋಗಿಗಳ ಅಪಹಾಸ್ಯಕ್ಕೆ ಗುರಿಯಾದರು. 1992ರಲ್ಲಿ ಅದೇ ದೇಶದ ಶಸ್ತ್ರವೈದ್ಯರ ಸಂಘ ಅವರನ್ನು ಗೌರವಿಸಿತು. 1990ರಲ್ಲಿ ಮುಂಬಯಿಯ ತೆಹೆಮ್ಟನ್ ಉದ್ವಾಡಿಯಾ ಆ ವಿಧಾನವನ್ನು ಭಾರತಕ್ಕೆ ತಂದರು. ಗಾಯದ ಗುರುತು ಕಿರಿದಾಯಿತು. ಆದರೆ ಆರಂಭದ ವರ್ಷಗಳಲ್ಲಿ ನಾಳಕ್ಕೆ ಪೆಟ್ಟಾಗುವ ಪ್ರಸಂಗಗಳು ಹೆಚ್ಚಿದುವು. ಆಗ, 1995ರಲ್ಲಿ, ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಅವರ ಸಂಗಡಿಗರು ಒಂದು ಸರಳ ನಿಯಮವನ್ನು ಮುಂದಿಟ್ಟರು: ಪಿತ್ತಕೋಶಕ್ಕೆ ಸೇರುವ ರಚನೆಗಳು ಎರಡೇ ಎಂದು ಬಿಡಿಸಿ ಕಾಣುವವರೆಗೆ ಏನನ್ನೂ ಕತ್ತರಿಸಬಾರದು. ಕಾಣದಿದ್ದರೆ ಕೈ ತಡೆಯಬೇಕು. ಬೇರೆ ದಾರಿ ಹಿಡಿಯಬೇಕು.

ಕತ್ತರಿಸುವ ಕೌಶಲವನ್ನು ಕೈ ಕೆಲವು ವರ್ಷಗಳಲ್ಲಿ ಕಲಿತೀತು. ಕತ್ತರಿಸದೆ ನಿಲ್ಲುವ ವಿವೇಕಕ್ಕೆ ಹೆಚ್ಚು ಕಾಲ ಬೇಕು. ಶಸ್ತ್ರವೈದ್ಯನಿಗೆ ಸಲ್ಲುವ ಈ ಮಾತು, ಸೈನ್ಯಕ್ಕೆ ಅಪ್ಪಣೆ ಕೊಡುವ ಪ್ರಧಾನಿಗೂ ಸಲ್ಲುತ್ತದೆ.