ಕಡಲಸಿಂಹದ ಮುನಿಸು

ಕಡಲಸಿಂಹವೆಂದೊಡನೆ ಕೇಳುಗರು ಕೇಸರವನ್ನೂ ಗರ್ಜನೆಯನ್ನೂ ನೆನೆದಾರು. ಕ್ಯಾಲಿಫೋರ್ನಿಯದ ಕರಾವಳಿಯ ಈ ಪ್ರಾಣಿಗೆ ಕೇಸರವಿಲ್ಲ. ದನಿಯೂ ನಾಯಿಯ ಬೊಗಳಿಕೆಯನ್ನು ಹೋಲುತ್ತದೆ. ಸೀಲುಗಳ ನಂಟನಾದರೂ ಇದಕ್ಕೆ ಹೊರಗೆ ಕಾಣುವ ಪುಟ್ಟ ಕಿವಿಗಳುಂಟು. ಹಿಂದಿನ ಈಜುಗಾಲುಗಳನ್ನು ಮುಂದಕ್ಕೆ ತಿರುಗಿಸಿ ನೆಲದ ಮೇಲೆ ನಡೆಯಲೂ ಬಲ್ಲುದು.

ಮನುಷ್ಯನೊಡನೆ ಇದರ ಒಡನಾಟ ಮೊದಲಿನಿಂದ ಸುಖದ್ದಲ್ಲ. ಎಣ್ಣೆಗಾಗಿ, ಚರ್ಮಕ್ಕಾಗಿ ಇದನ್ನು ಬೇಟೆಯಾಡಿದರು, ಮೀನುಗಳ್ಳನೆಂದು ಗುಂಡಿಕ್ಕಿದರು. 1972ರಲ್ಲಿ ಅಮೆರಿಕ ಕಡಲ ಸಸ್ತನಿಗಳ ರಕ್ಷಣೆಗೆ ಕಾಯಿದೆ ಮಾಡಿದ ಮೇಲೆ ಸಂತತಿ ಚೇತರಿಸಿತು. 1975ರಲ್ಲಿ 90,000ಕ್ಕೂ ಕಡಿಮೆಯಿದ್ದ ಸಂಖ್ಯೆ 2014ರ ವೇಳೆಗೆ ಎರಡೂವರೆ ಲಕ್ಷವನ್ನು ದಾಟಿತ್ತು. 1990ರ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ 39ನೆಯ ಪಿಯರಿನಲ್ಲಿ, ದೋಣಿ ಕಟ್ಟುವ ತೇಲುಕಟ್ಟೆಗಳನ್ನು ನೂರಾರು ಕಡಲಸಿಂಹಗಳು ಏರಿ ಕುಳಿತವು. ದೋಣಿಗಳ ಒಡೆಯರು ಗೊಣಗಿದರು. ಆದರೆ ಕೊನೆಗೆ ಜಾಗ ಬಿಟ್ಟುಕೊಟ್ಟವರು ಮನುಷ್ಯರೇ. ಅಂದಿನಿಂದ ಅವುಗಳನ್ನು ನೋಡಲೆಂದೇ ಜನ ಅಲ್ಲಿಗೆ ಬರತೊಡಗಿದರು.

ಇಂಥ ನೆರೆಹೊರೆಯಲ್ಲಿ 2025ರ ವಸಂತದಲ್ಲಿ ಒಂದು ದಿಗಿಲು ಹುಟ್ಟಿತು. ದಕ್ಷಿಣ ಕ್ಯಾಲಿಫೋರ್ನಿಯದ ತೀರದಲ್ಲಿ ಈಜುತ್ತಿದ್ದವರನ್ನೂ, ಹಲಗೆಯೇರಿ ಅಲೆಯ ಮೇಲೆ ಜಾರುತ್ತಿದ್ದವರನ್ನೂ ಕಡಲಸಿಂಹಗಳು ಕಚ್ಚಿದವು. ಸಾಧುಪ್ರಾಣಿ ಕ್ರೂರಿಯಾದುದೇಕೆ?

ತಜ್ಞರು ಬೆರಳು ತೋರಿದ್ದು ಹಗೆಯ ಕಡೆಗಲ್ಲ, ವಿಷದ ಕಡೆಗೆ. ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರಿದಾಗ ಸೂಡೊನಿಟ್ಜಿಯ ಎಂಬ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದರಲ್ಲಿ ಹುಟ್ಟುವ ಡೊಮೊಯಿಕ್ ಆಮ್ಲವು ಪಾಚಿ ತಿನ್ನುವ ಆಂಚೊವಿ, ಸಾರ್ಡೀನ್‌ಗಳ ಮೂಲಕ ಕಡಲಸಿಂಹದ ಹೊಟ್ಟೆ ಸೇರುತ್ತದೆ. ಸಾರ್ಡೀನ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗವೇ. ಆ ವಿಷ ಮಿದುಳಿನ ನೆನಪಿನ ನೆಲೆಯನ್ನೇ ಹಾಳುಗೆಡವುತ್ತದೆ. ಪ್ರಾಣಿಗೆ ದಿಕ್ಕು ತಪ್ಪುತ್ತದೆ, ತಲೆ ತೂಗಾಡುತ್ತದೆ, ಸೆಳವು ಬರುತ್ತದೆ. 1998ರಲ್ಲಿ ಮಧ್ಯ ಕ್ಯಾಲಿಫೋರ್ನಿಯದ ತೀರದಲ್ಲಿ ನಾನೂರಕ್ಕೂ ಹೆಚ್ಚು ಕಡಲಸಿಂಹಗಳು ಸತ್ತುದಕ್ಕೆ ಇದೇ ಕಾರಣವೆಂದು ವಿಜ್ಞಾನಿಗಳು ತೋರಿಸಿಕೊಟ್ಟರು.

ಇದು ಪ್ರಾಣಿಗಳ ಪಾಡು ಮಾತ್ರವೆಂದು ಭಾವಿಸಬೇಕಾಗಿಲ್ಲ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಜೀವಿಗಳನ್ನು ತಿಂದು ನೂರಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದರು; ಕೆಲವರು ಸತ್ತರು, ಕೆಲವರು ನೆನಪು ಕಳೆದುಕೊಂಡರು. ಆ ವಿಷವೂ ಡೊಮೊಯಿಕ್ ಆಮ್ಲವೇ. ನಮ್ಮ ತಟ್ಟೆಗೆ ಬರಬಹುದಾದ ಕೇಡನ್ನು ಕಡಲಸಿಂಹ ನಮಗಿಂತ ಮೊದಲು ಉಣ್ಣುತ್ತದೆ. ಅದರ ಕಾಯಿಲೆ ನಮಗೆ ಎಚ್ಚರಿಕೆಯೂ ಹೌದು.

ಮರಳಿನ ಮೇಲೆ ಕಡಲಸಿಂಹ ಬಿದ್ದಿರುವುದನ್ನು ಕಂಡರೆ ನೀರಿಗೆ ನೂಕಬಾರದು, ನೇವರಿಸಬಾರದು. ಸುಮಾರು 45 ಮೀಟರು ದೂರ ನಿಂತು, ಬಲ್ಲವರಿಗೆ ಸುದ್ದಿ ಮುಟ್ಟಿಸಬೇಕೆಂದು ಅಲ್ಲಿಯವರು ಹೇಳುತ್ತಾರೆ. ಕಚ್ಚಿಸಿಕೊಂಡವರ ನೋವು ಸುಳ್ಳಲ್ಲ. ಆದರೆ ಕಚ್ಚಿದ ಪ್ರಾಣಿಯೂ ನೋವಿನಲ್ಲಿತ್ತೆಂಬುದನ್ನು ಅರಿತರೆ, ಕೈಗೆ ಮತ್ತೆ ಬಂದೂಕು ಬಾರದು.